ಬಾಸ್ ಮೀನುಗಳು ಕಣ್ಣೆದುರೇ ಸಣ್ಣ ಮೀನಿನ ಹಿಂಡಿಗೆ ನುಗ್ಗುತ್ತಿದ್ದರೂ ನನ್ನ ಲೂರ್ (ಮೀನು ಹಿಡಿಯುವ ಕೃತಕ ಆಮಿಷ) ಮುಟ್ಟುವುದಿಲ್ಲ. ಯಾವ ಲೂರ್ ಹಾಕಲಿ?

ನೀರಿನ ಮೇಲೆ ಮರಿಮೀನು ಸಿಡಿಯುತ್ತಿವೆ, ಕೆಳಗಿನಿಂದ ಬಾಸ್ ನುಗ್ಗುತ್ತಿವೆ, ಡಬ್ಬಿಯಲ್ಲಿರುವ ಎಲ್ಲ ಬಣ್ಣದ ಲೂರ್ ಎಸೆದು ನೋಡಿದರೂ ಒಂದೂ ಕಚ್ಚಲಿಲ್ಲ ಅಂತ ಬರೆದಿದ್ದೀರಿ. ಬಣ್ಣ ಬದಲಿಸುವುದನ್ನು ಮೊದಲು ಬಿಡಿ. ನನ್ನ ಲೆಕ್ಕದಲ್ಲಿ ಮೊದಲು ಸೈಜು, ಆಮೇಲೆ ಆಳ, ಆಮೇಲೆ ವೇಗ. ಬಣ್ಣ ಕೊನೆಗೆ.

ಸೈಜು ಯಾಕೆ ಅಂತ ಹೇಳ್ತೀನಿ. ಹಿಂಡು ಹಿಂಡಾಗಿ ಓಡಾಡುವ ಮರಿಮೀನು ಅಂದರೆ ಅಮೆರಿಕದ ಬಹಳ ಕಡೆ ಶ್ಯಾಡ್ ಎಂಬ ಬೆಳ್ಳಿಬಣ್ಣದ ಮೀನಿನ ಜಾತಿಯದ್ದು. ಥ್ರೆಡ್‌ಫಿನ್ ಶ್ಯಾಡ್ ದೊಡ್ಡದಾದರೂ ಸಾಮಾನ್ಯವಾಗಿ ಐದು ಇಂಚಿನೊಳಗೇ ಇರುತ್ತದೆ. ಗಿಜರ್ಡ್ ಶ್ಯಾಡ್ ಹಾಗಲ್ಲ, ಒಂದು ಅಡಿ ದಾಟಿ ಬೆಳೆಯುತ್ತದೆ. ವಸಂತದಲ್ಲಿ ಮೊಟ್ಟೆಯಿಂದ ಬಂದ ಮರಿ ಬೇಸಿಗೆಯ ಶುರುವಿನಲ್ಲಿ ಬೆರಳಿನ ಒಂದು ಗೆಣ್ಣಿನಷ್ಟಿದ್ದರೆ ಹೆಚ್ಚು. ಚಳಿ ಶುರುವಾಗುವ ಹೊತ್ತಿಗೆ ಎರಡು ಮೂರು ಇಂಚು ಬೆಳೆದಿರುತ್ತದೆ. ಬಾಸ್ ಒಂದೇ ಅಳತೆಯ ಮರಿಯನ್ನು ಸಾವಿರಗಟ್ಟಲೆ ತಿನ್ನುತ್ತಿರುವಾಗ ಅದರ ಕಣ್ಣು ಆ ಅಳತೆಗೇ ಹೊಂದಿಕೊಂಡಿರುತ್ತದೆ. ಅಲ್ಲಿಗೆ ಐದಿಂಚಿನ ಲೂರ್ ಬಿದ್ದರೆ ಒಂದು ಸಲ ತಿರುಗಿ ನೋಡಿ ಹೋಗಿಬಿಡುತ್ತದೆ, ಅಷ್ಟೇ.

ಮರಿಯ ಅಳತೆ ತಿಳಿಯುವುದು ಕಷ್ಟವೇನಲ್ಲ. ಒಂದು ಬಾಸ್ ಸಿಕ್ಕಿತು ಅಂದುಕೊಳ್ಳಿ. ಕೊಕ್ಕೆ ಬಿಡಿಸುವಾಗ ಅದರ ಗಂಟಲೊಳಗೆ ಇಣುಕಿ ನೋಡಿ. ಎಷ್ಟೋ ಸಲ ಅರ್ಧ ನುಂಗಿದ ಶ್ಯಾಡ್‌ನ ಬಾಲ ಅಲ್ಲೇ ಕಾಣುತ್ತಿರುತ್ತದೆ. ಕೆಲವು ಬಾಸ್ ದೋಣಿಯೊಳಗೇ ನಾಲ್ಕೈದು ಮರಿ ಕಕ್ಕುತ್ತವೆ. ಒಂದನ್ನು ಅಂಗೈ ಮೇಲಿಟ್ಟು ಪಕ್ಕದಲ್ಲಿ ನಿಮ್ಮ ಲೂರ್ ಹಿಡಿಯಿರಿ. ಉದ್ದ ಮಾತ್ರ ನೋಡಬೇಡಿ, ಹೊಟ್ಟೆಯ ಅಗಲವನ್ನೂ ನೋಡಿ. ಶ್ಯಾಡ್ ಚಪ್ಪಟೆ, ಹೊಟ್ಟೆ ಇಳಿಬಿದ್ದ ಆಕಾರ. ಬ್ಲೂಬ್ಯಾಕ್ ಹೆರಿಂಗ್ ಇರುವ ನೀರಾದರೆ ಮೀನು ಸಪೂರ, ಉದ್ದ. ಅಲ್ಲಿಗೆ ಸಪೂರ ಲೂರೇ ಬೇಕು.

ಇಲ್ಲೊಂದು ತಾಪತ್ರಯ ಇದೆ. ಸಣ್ಣ ಲೂರ್ ಹಗುರ, ದೂರ ಹೋಗಲ್ಲ. ಹಿಂಡು ಎದ್ದಿರುವುದು ನಲವತ್ತು ಮೀಟರ್ ಆಚೆ. ದೋಣಿ ಹತ್ತಿರ ಒಯ್ದರೆ ಎಲ್ಲ ಮುಳುಗಿಬಿಡುತ್ತವೆ. ಅದಕ್ಕೇ ನನಗೆ ಸಣ್ಣದಾಗಿದ್ದೂ ಭಾರ ಇರುವ ಲೂರ್ ಇಷ್ಟ: ಚಮಚದಾಕಾರದ ಲೋಹದ ಸ್ಪೂನ್, ಬಾಲದಲ್ಲಿ ತಿರುಗುವ ತಗಡಿರುವ ಟೇಲ್ ಸ್ಪಿನ್ನರ್, ತೆಳು ಲೋಹದ ತಗಡಿನ ಬ್ಲೇಡ್ ಬೇಟ್. ಎರಡಿಂಚಿನ ಸ್ಪೂನ್ ಹದಿನಾಲ್ಕು ಗ್ರಾಂ ತೂಗಿದರೆ ಕಲ್ಲಿನ ಹಾಗೆ ಹಾರುತ್ತದೆ. ಮರಿ ಒಂದು ಇಂಚಿಗಿಂತ ಸಣ್ಣದಿದ್ದರೆ ಇನ್ನೊಂದು ಉಪಾಯ ಮಾಡಿ. ನೀರ ಮೇಲೆ ಓಡುವ ಪಾಪರ್‌ನ ಹಿಂದಿನ ಕೊಕ್ಕೆ ತೆಗೆದು, ಆ ಜಾಗಕ್ಕೆ ಒಂದೂವರೆ ಅಡಿ ತೆಳು ಲೈನ್ ಕಟ್ಟಿ, ತುದಿಗೆ ಬಿಳಿ ಗರಿಯ ಪುಟ್ಟ ಫ್ಲೈ (ಕೊಕ್ಕೆಗೆ ಗರಿ ಸುತ್ತಿದ ಹಗುರ ಆಮಿಷ) ಕಟ್ಟಿ. ದೂರಕ್ಕೆ ಒಯ್ಯಲು ಪಾಪರ್‌ನ ತೂಕ ಇದೆ, ಬಾಸ್ ಕಚ್ಚುವುದು ಮಾತ್ರ ಫ್ಲೈಯನ್ನು. ನೋಡಿದವರು ನಗಬಹುದು, ನಗಲಿ ಬಿಡಿ.

ಈಗ ಆಳ. ಬಾಸ್ ಮೇಲೆ ಸಿಡಿಯುತ್ತಿರುವಾಗ ನೀರ ಮೇಲೆ ಅತ್ತಿತ್ತ ಓಲಾಡುವ ವಾಕಿಂಗ್ ಬೇಟ್, ಪಾಪರ್, ಫ್ಲೂಕ್ ಥರದ ಮೆತ್ತನೆ ಜರ್ಕ್‌ಬೇಟ್ (ಮಿಡಿದು ಮಿಡಿದು ಎಳೆಯುವ ಲೂರ್), ಇವೆಲ್ಲ ನಡೆಯುತ್ತವೆ. ಹಿಂಡಿನ ನಟ್ಟನಡುವೆ ಎಸೆಯಬೇಡಿ. ಅಲ್ಲಿ ಸಾವಿರ ನಿಜವಾದ ಮರಿಗಳ ಜೊತೆ ನಿಮ್ಮದು ಸಾವಿರದ ಒಂದನೆಯದು, ಬಾಸ್ ಅದನ್ನೇ ಆರಿಸಲು ಕಾರಣವೇನು? ಹಿಂಡಿನಿಂದ ಆಚೆಗೆ ಎಸೆದು ಅಂಚಿನಲ್ಲಿ ಎಳೆದು ತನ್ನಿ. ಗುಂಪು ತಪ್ಪಿ ಓಡುವ ಮರಿಯ ಮೇಲೆ ಬಾಸ್ ಕಣ್ಣು ಬೇಗ ಬೀಳುತ್ತದೆ.

ದೊಡ್ಡ ಬಾಸ್ ಬಹುಪಾಲು ಮೇಲೆ ಬರುವುದೇ ಇಲ್ಲ. ಚಿಕ್ಕವು ಮೇಲೆ ಗಲಾಟೆ ಎಬ್ಬಿಸುತ್ತಿರುವಾಗ ಅವು ಕೆಳಗೆ ನಿಂತು, ಗಾಯಗೊಂಡು ಬೀಳುವ ಮರಿಗಳನ್ನು ಆರಾಮಾಗಿ ಬಾಯಿಗೆ ಹಾಕಿಕೊಳ್ಳುತ್ತಿರುತ್ತವೆ. ಅವುಗಳಿಗೆ ಜಿಗ್‌ಹೆಡ್‌ಗೆ (ಭಾರದ ತಲೆಯಿರುವ ಕೊಕ್ಕೆ) ಹಾಕಿದ, ಮೀನಿನ ಹಾಗೆ ಈಜುವ ಮೂರಿಂಚಿನ ಸ್ವಿಮ್‌ಬೇಟ್, ಇಲ್ಲವೇ ಹೊಟ್ಟೆಯಡಿ ಪುಟ್ಟ ಬ್ಲೇಡ್ ಇರುವ ಅಂಡರ್‌ಸ್ಪಿನ್ ಸರಿ. ಹಿಂಡಿನ ಅಡಿಗೆ ಇಳಿಯಲು ಬಿಡಿ, ಇಳಿಯುವಾಗ ಮನಸ್ಸಿನಲ್ಲೇ ಎಣಿಸಿ. ಎಂಟಕ್ಕೆ ಕಚ್ಚಿದರೆ ಮುಂದಿನ ಸಲವೂ ಎಂಟಕ್ಕೇ ಎಳೆಯಲು ಶುರು ಮಾಡಿ. ಸ್ಪೂನ್ ಆದರೆ ರಾಡ್ ಎತ್ತಿ, ಅದರ ತುದಿ ತಗ್ಗಿಸಿ, ಸ್ಪೂನ್ ಬೀಳಲು ಬಿಡಿ. ಕಚ್ಚುವುದು ಹೆಚ್ಚಾಗಿ ಬೀಳುವಾಗಲೇ. ಕೈಗೆ ಏಟು ಗೊತ್ತಾಗುವುದಿಲ್ಲ, ಬಿಗಿಯಾಗಿದ್ದ ಲೈನ್ ಸುಮ್ನೆ ಸಡಿಲವಾಗುತ್ತದೆ ಅಥವಾ ಪಕ್ಕಕ್ಕೆ ಸರಿಯುತ್ತದೆ. ಕಣ್ಣು ಲೈನ್ ಮೇಲೇ ಇರಲಿ.

ವೇಗ ನೀರಿನ ಬಿಸಿಯ ಮೇಲೆ ಹೋಗುತ್ತದೆ. ನೀರು ಬೆಚ್ಚಗಿದ್ದಾಗ ಲಿಪ್‌ಲೆಸ್ ಕ್ರ್ಯಾಂಕ್‌ಬೇಟನ್ನು (ಮೂತಿಯಲ್ಲಿ ತುಟಿಯಂಥ ತಗಡಿಲ್ಲದ, ಎಳೆದರೆ ನಡುಗುವ ಲೂರ್) ಜೋರಾಗಿ ಎಳೆಯಿರಿ. ನೀರು ತಣ್ಣಗಾದರೆ ಥ್ರೆಡ್‌ಫಿನ್ ಶ್ಯಾಡ್ ತಡೆಯುವುದಿಲ್ಲ, ಆರೇಳು ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಸಾಯಲು ಶುರುವಾಗುತ್ತವೆ. ಆಗ ಅವು ಓಡುವುದಿಲ್ಲ, ನಡುಗುತ್ತಾ ಮುಳುಗುತ್ತವೆ. ಅಂಥ ಹೊತ್ತಿನಲ್ಲಿ ನೀರಿನ ನಡುವೆ ತೇಲಿ ನಿಲ್ಲುವ ಜರ್ಕ್‌ಬೇಟ್ ಹಾಕಿ, ಎರಡು ಸಲ ಮಿಡಿದು ಹತ್ತು ಸೆಕೆಂಡ್ ಅಲುಗಾಡಿಸದೆ ಬಿಡಿ. ಈ ಕಾಯುವಿಕೆ ಬೇಜಾರು ನಿಜ, ಆದರೂ ಕಚ್ಚುವುದು ಆಗಲೇ.

ಬಣ್ಣದ ಬಗ್ಗೆ ಎರಡೇ ಮಾತು. ತಿಳಿನೀರು, ಬಿಸಿಲು ಇದ್ದರೆ ಬೆಳ್ಳಿ ಬಣ್ಣ ಅಥವಾ ಅರೆಪಾರದರ್ಶಕ. ಮೋಡ ಇದ್ದರೆ ಬಿಳಿ. ನೀರು ಕದಡಿದ್ದರೆ ಬಿಳಿಗೆ ಒಂದಿಷ್ಟು ಹಸಿರುಹಳದಿ ಸೇರಿರಲಿ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಅಂಗಡಿಯವರಿಗೆ ಲಾಭ.

ಒಂದೇ ಲೂರ್ ಬದಲು ಇಡೀ ಹಿಂಡನ್ನೇ ತೋರಿಸುವ ದಾರಿಯೂ ಇದೆ, ಅದು ಅಲಬಾಮಾ ರಿಗ್. ಒಂದು ತಲೆಯಿಂದ ಐದು ತಂತಿ, ತುದಿಗೊಂದು ಸ್ವಿಮ್‌ಬೇಟ್. 2011ರಲ್ಲಿ ವೃತ್ತಿಪರ ಬಾಸ್ ಸ್ಪರ್ಧಿ ಪಾಲ್ ಇಲಾಯಸ್ ಅಮೆರಿಕದ ಗಂಟರ್ಸ್‌ವಿಲ್ ಸರೋವರದ ಸ್ಪರ್ಧೆಯನ್ನು ಇದರಿಂದ ಗೆದ್ದ ಮೇಲೆ ಎಲ್ಲರ ಬಾಯಲ್ಲೂ ಇದೇ ಮಾತಾಯಿತು. ಕೆಲಸ ಮಾಡುತ್ತದೆ, ಆದರೆ ಭಾರ, ದಪ್ಪ ರಾಡ್ ಬೇಕು. ಕೆಲವು ಕಡೆ ಒಂದು ಲೈನಿಗೆ ಇಷ್ಟೇ ಕೊಕ್ಕೆ ಅಂತ ಮಿತಿಯೂ ಇದೆ, ನಿಮ್ಮಲ್ಲಿನ ನಿಯಮ ಮೊದಲು ನೋಡಿಕೊಳ್ಳಿ.

ಹಿಂಡು ಎಲ್ಲಿ ಎದ್ದೇಳುತ್ತದೆ ಅಂತ ಮೊದಲು ತೋರಿಸುವವು ಹಕ್ಕಿಗಳು. ಗಾಳಿ ಬಂದು ಬಡಿಯುವ ದಡವನ್ನೂ ನೋಡಿ, ಪ್ಲಾಂಕ್ಟನ್ ಅಲ್ಲಿಗೆ ಕೊಚ್ಚಿಹೋಗುತ್ತದೆ, ಅದರ ಹಿಂದೆ ಶ್ಯಾಡ್ ಹೋಗುತ್ತದೆ. ಕೆಲವು ಸಲ ಇಡೀ ಆಟ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಆಗ ಗಂಟು ಹಾಕುತ್ತಾ ಕೂರಲು ಪುರುಸೊತ್ತಿಲ್ಲ ಅಲ್ವಾ? ಒಂದು ರಾಡ್‌ಗೆ ಮೇಲೆ ಓಡುವ ಲೂರ್, ಇನ್ನೊಂದಕ್ಕೆ ಸ್ಪೂನ್, ಎರಡನ್ನೂ ಮೊದಲೇ ಕಟ್ಟಿಡಿ. ಮೇಲಿನದಕ್ಕೆ ಫ್ಲೋರೋಕಾರ್ಬನ್ ಲೈನ್ ಬೇಡ, ಅದು ಮುಳುಗಿ ಲೂರ್‌ನ ಮೂತಿಯನ್ನು ಕೆಳಗೆ ಎಳೆಯುತ್ತದೆ. ಹಿಂಡು ಮುಳುಗಿದ ಕೂಡಲೇ ಜಾಗ ಬಿಟ್ಟು ಹೋಗಬೇಡಿ, ಅದೇ ಜಾಗಕ್ಕೆ ಸ್ಪೂನ್ ಇಳಿಸಿ.