ನಿಮ್ಮ ಪ್ರಶ್ನೆಗೆ ಉತ್ತರ: ಕಪ್ಪು-ಬಂಗಾರದ ಜಾಕೆಟ್ ಮೇಲೆ ಸ್ಫಿಂಕ್ಸ್ ಯಾಕೆ?

ಪ್ರಶ್ನೆ: ಅಮೆರಿಕದ ಕಾಲೇಜು ಹುಡುಗರ ವಿಡಿಯೋ ಒಂದು ನೋಡಿದೆ. ಎಲ್ರೂ ಕಪ್ಪು ಮತ್ತೆ ಬಂಗಾರದ ಬಣ್ಣದ ಜಾಕೆಟ್ ಹಾಕ್ಕೊಂಡು ಸಾಲಾಗಿ ನಿಂತು ಕಾಲು ಬಡೀತಾ ಕುಣೀತಿದ್ರು, ಜಾಕೆಟ್ ಮೇಲೆ ಗ್ರೀಕ್ ಅಕ್ಷರ, ಜೊತೆಗೆ ಈಜಿಪ್ಟಿನ ಸ್ಫಿಂಕ್ಸ್ ಚಿತ್ರ. ಎಲ್ರೂ ಕಪ್ಪು ಜನಾಂಗದ ಹುಡುಗ್ರೇ. ಅಮೆರಿಕದ ಕಾಲೇಜಿಗೂ ಗ್ರೀಸಿಗೂ ಈಜಿಪ್ಟಿಗೂ ಎಲ್ಲಿಂದೆಲ್ಲಿಗೆ ಸಂಬಂಧ ಸ್ವಾಮಿ? ಆ ಬಣ್ಣಕ್ಕೆ ಏನಾದ್ರೂ ಅರ್ಥ ಇದೆಯಾ?

ಉತ್ತರ: ನಿಮ್ಮ ವಿವರಣೆ ನೋಡಿದ್ರೆ ಅದು ಆಲ್ಫಾ ಫೈ ಆಲ್ಫಾ ಅನ್ನೋ ಫ್ರಾಟರ್ನಿಟಿ. ಫ್ರಾಟರ್ನಿಟಿ ಅಂದ್ರೆ ಹುಡುಗರು ದೀಕ್ಷೆ ತಗೊಂಡು ಸೇರೋ ಸಂಘ, ಡಿಗ್ರಿ ಮುಗಿದ್ರೂ ಸದಸ್ಯತ್ವ ಮುಗಿಯಲ್ಲ, ಮುದುಕರಾದ್ರೂ ಒಬ್ಬರನ್ನೊಬ್ಬರು ಬ್ರದರ್ ಅಂತಾನೇ ಕರೀತಾರೆ.

ಗ್ರೀಕ್ ಅಕ್ಷರದ ವಿಷಯ ಬೇಗ ಮುಗಿಸ್ತೀನಿ. 1776ರ ಡಿಸೆಂಬರ್ 5ಕ್ಕೆ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಲ್ಲಿ ಕೆಲವು ವಿದ್ಯಾರ್ಥಿಗಳು ಫೈ ಬೀಟಾ ಕಪ್ಪಾ ಅಂತ ಒಂದು ಗುಟ್ಟಿನ ಸಂಘ ಮಾಡ್ಕೊಂಡ್ರು, ತಮ್ಮ ಗ್ರೀಕ್ ಧ್ಯೇಯವಾಕ್ಯದ ಮೊದಲ ಅಕ್ಷರಗಳನ್ನೇ ಹೆಸರಾಗಿ ಇಟ್ರು. ಆಗ ಕಾಲೇಜು ಅಂದ್ರೇನೇ ಗ್ರೀಕ್, ಲ್ಯಾಟಿನ್ ಓದು. ಅವರ ಪದಕದ ಮೇಲೆ ಮೂರು ನಕ್ಷತ್ರ, ಸ್ನೇಹ, ನೀತಿ, ವಿದ್ಯೆಗೆ ಒಂದೊಂದು, ಅದನ್ನ ತೋರಿಸೋ ಒಂದು ಕೈ. ಆಮೇಲೆ ಆ ಪದಕಕ್ಕೆ ಒಂದು ಕಡ್ಡಿ ಸೇರಿಸಿ ಜೇಬಿನ ಗಡಿಯಾರಕ್ಕೆ ಕೀ ಕೊಡೋಕೂ ಬರೋ ಹಾಗೆ ಮಾಡಿದ್ರು, ಈಗ ಗಡಿಯಾರಕ್ಕೆ ಯಾರೂ ಕೀ ಕೊಡಲ್ಲ ಆದ್ರೂ ಅದು ಇನ್ನೂ ಕೀ ಆಕಾರದಲ್ಲೇ ಇದೆ. ಅವರನ್ನ ನೋಡಿ ಬಂದ ಸಂಘಗಳೆಲ್ಲ ಅದೇ ದಾರಿ ಹಿಡಿದ್ವು: ಗ್ರೀಕ್ ಹೆಸರು, ಎರಡು ಬಣ್ಣ, ಒಂದು ಬ್ಯಾಡ್ಜ್, ಹೊರಗಿನವರಿಗೆ ಹೇಳದ ಒಂದಿಷ್ಟು ಗುಟ್ಟು.

ಈಗ ನಿಮ್ಮ ಸ್ಫಿಂಕ್ಸ್. ಆಲ್ಫಾ ಶುರುವಾಗಿದ್ದು 1906ರ ಡಿಸೆಂಬರ್ 4ಕ್ಕೆ, ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರೋ ಕಾರ್ನೆಲ್ ಯೂನಿವರ್ಸಿಟಿಲಿ. ಆಗ ಅಲ್ಲಿ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು, ಬಿಳಿಯರ ಫ್ರಾಟರ್ನಿಟಿಗೆ ಸೇರಿಸ್ಕೊಳ್ತಿರಲಿಲ್ಲ, ಕ್ಲಾಸ್ ಬಿಟ್ರೆ ಹೋಗೋಕೆ ಜಾಗ ಇಲ್ಲ ಮಾತಾಡೋಕೆ ಜನ ಇಲ್ಲ, ಹಾಗಾಗಿ ಒಂದು ವರ್ಷ ಓದಿ ಮತ್ತೆ ಬರದೇ ಹೋದವರೂ ಇದ್ರು. ಉಳಿದವರು ಮೊದಲು ಸೇರಿ ಓದೋಕೆ, ಚರ್ಚೆ ಮಾಡೋಕೆ ಅಂತ ಒಂದು ಕೂಟ ಮಾಡ್ಕೊಂಡ್ರು, ಅದೇ ಮುಂದೆ ಫ್ರಾಟರ್ನಿಟಿ ಆಯ್ತು. ಸ್ಥಾಪಕರು ಏಳು ಜನ, ಸಂಘದೊಳಗೆ ಅವರನ್ನ ರತ್ನಗಳು ಅಂತ ಕರೀತಾರೆ.

ಹೆಸರು ಗ್ರೀಕ್ ಆದ್ರೂ ಚಿಹ್ನೆ ಮಾತ್ರ ಆಫ್ರಿಕಾದ್ದು, ನನಗೆ ಇಷ್ಟವಾಗೋದು ಇದೇ. ಆಫ್ರಿಕಾಗೆ ಇತಿಹಾಸಾನೇ ಇಲ್ಲ, ಅಲ್ಲಿಂದ ನಾಗರಿಕತೆ ಅನ್ನೋದು ಏನೂ ಬಂದಿಲ್ಲ ಅಂತ ದೊಡ್ಡ ದೊಡ್ಡ ವಿದ್ವಾಂಸರೇ ಬರೀತಿದ್ದ ಕಾಲ ಅದು. ಗೀಜಾದ ಸ್ಫಿಂಕ್ಸ್, ಮನುಷ್ಯನ ತಲೆ ಸಿಂಹದ ಮೈ, ಸುಮಾರು 4500 ವರ್ಷ ಹಳೇದು, ನಿಂತಿರೋದು ಆಫ್ರಿಕಾದ ನೆಲದ ಮೇಲೆ, ಗ್ರೀಸಿನ ಹೆಸರಾಂತ ಪಾರ್ಥೆನಾನ್ ದೇವಸ್ಥಾನಕ್ಕಿಂತ ಎರಡು ಸಾವಿರ ವರ್ಷ ಹಿರಿದು. ಅದನ್ನ ಎದೆ ಮೇಲೆ ಹಾಕ್ಕೊಂಡ್ರೆ ವಾದ ಮಾಡೋ ಅಗತ್ಯಾನೇ ಇಲ್ಲ! 1914ರಲ್ಲಿ ಶುರುವಾದ ಅವರ ಪತ್ರಿಕೆ ಹೆಸರೂ ದಿ ಸ್ಫಿಂಕ್ಸ್. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್, ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇಬ್ಬರೂ ಇದೇ ಸಂಘದವರು. ವಾಷಿಂಗ್ಟನ್‌ನಲ್ಲಿ 2011ರಲ್ಲಿ ತೆರೆದ ಕಿಂಗ್ ಸ್ಮಾರಕ ಇದೆಯಲ್ಲ, ಅದಕ್ಕಾಗಿ ಓಡಾಡಿ, ದುಡ್ಡು ಎತ್ತೋ ಕೆಲಸಕ್ಕೆ ಕೈ ಹಾಕಿದ್ದೂ ಇವರೇ.

ಬಣ್ಣದ ಅರ್ಥ ಕೇಳಿದ್ರಿ. ಅಧಿಕೃತವಾಗಿ ಅವರದು ಕಪ್ಪು ಮತ್ತು ಓಲ್ಡ್ ಗೋಲ್ಡ್, ಅಂದ್ರೆ ಫಳಫಳ ಹೊಳೆಯದ, ಸ್ವಲ್ಪ ಮಾಸಿದ ಬಂಗಾರ. ಇಂಥ ಸಂಘಗಳಲ್ಲಿ ಬಣ್ಣ, ಚಿಹ್ನೆಯ ಒಳ ಅರ್ಥ ದೀಕ್ಷೆ ಹೊತ್ತಲ್ಲಿ ಹೇಳೋದು, ಹೊರಗೆ ಬಿಡೋದಿಲ್ಲ. ಹಾಗಾಗಿ ಕಪ್ಪು ಅಂದ್ರೆ ಇದು ಬಂಗಾರ ಅಂದ್ರೆ ಅದು ಅಂತ ಯಾರಾದ್ರೂ ಪಟಪಟ ಪಟ್ಟಿ ಕೊಟ್ರೆ ನಾನಂತೂ ನಂಬಲ್ಲ. ಬಣ್ಣದ ಹೊರಗಿನ ಕೆಲಸ ಸಿಂಪಲ್, ದೂರದಿಂದಲೇ ನಮ್ಮವನು ಅಂತ ಗೊತ್ತಾಗ್ಬೇಕು. ಇಂಥದೇ ಬೇರೆ ಫ್ರಾಟರ್ನಿಟಿಗಳನ್ನ ನೋಡಿ: ಒಮೆಗಾ ಸೈ ಫೈ ಅವರದು ನೇರಳೆ-ಬಂಗಾರ, ಕಪ್ಪಾ ಆಲ್ಫಾ ಸೈ ಅವರದು ಕಡುಗೆಂಪು-ಕೆನೆ, ಫೈ ಬೀಟಾ ಸಿಗ್ಮಾ ಅವರದು ನೀಲಿ-ಬಿಳಿ. ಹುಡುಗಿಯರ ಸಂಘಕ್ಕೆ ಸೊರೊರಿಟಿ ಅಂತಾರೆ, ಅದರಲ್ಲಿ 1908ರಲ್ಲಿ ಹಾವರ್ಡ್ ಯೂನಿವರ್ಸಿಟಿಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾದು ಗುಲಾಬಿ-ಹಸಿರು. ನಮ್ಮ ಕಮಲಾ ಹ್ಯಾರಿಸ್ ಇದರ ಸದಸ್ಯೆ, ಅವರ ಕೊರಳಲ್ಲಿ ಮತ್ತೆ ಮತ್ತೆ ಕಾಣೋ ಮುತ್ತಿನ ಸರ ಕೂಡ ಈ ಸಂಘದ ಗುರುತು, ಅದರ ಸ್ಥಾಪಕಿಯರು ಇಪ್ಪತ್ತು ಜನ, ಅವರನ್ನ ಇಪ್ಪತ್ತು ಮುತ್ತು ಅಂತಾರೆ.

ಪ್ರಶ್ನೆ (ಇದೇ ಓದುಗರದ್ದು): ಆ ಥರ ಜಾಕೆಟ್ ಆನ್‌ಲೈನಲ್ಲಿ ಸಿಗುತ್ತೆ, ತರಿಸಿ ಹಾಕ್ಕೊಂಡ್ರೆ ತಪ್ಪಾ?

ಉತ್ತರ: ಬರೀ ಕಪ್ಪು-ಬಂಗಾರ ಆದ್ರೆ ಆರಾಮಾಗಿ ಹಾಕ್ಕೊಳ್ಳಿ, ಇಂಡಿಯಾನಾದ ಪರ್ಡ್ಯೂ ಯೂನಿವರ್ಸಿಟಿ ಬಣ್ಣಾನೂ ಅದೇ. ಆದ್ರೆ ಅಕ್ಷರ ಮತ್ತೆ ಅವರ ಲಾಂಛನ ಇರೋದು ಬೇಡ. ದೀಕ್ಷೆ ತಗೊಳ್ಳದೆ ಅಕ್ಷರ ಹಾಕೋದನ್ನ ಅವರು ಅವಮಾನ ಅಂತ ತಗೋತಾರೆ, ಅಮೆರಿಕದಲ್ಲಿ ಓಡಾಡೋವಾಗ ಹಾಕಿದ್ರೆ ಯಾರೋ ಅಪರಿಚಿತರು ಖುಷಿಯಾಗಿ ಬಂದು ಯಾವ ಚಾಪ್ಟರ್ (ಅಂದ್ರೆ ಸಂಘದ ಯಾವ ಶಾಖೆ), ಯಾವ ವರ್ಷ ಅಂತ ಕೇಳ್ತಾರೆ, ಆಗ ನೀವು ಪೆಚ್ಚಾಗ್ತೀರಿ.