ಚಿಕ್ಕೋಡಿ ಕಡೆ ಇಷ್ಟೊಂದು ಸೊಸೈಟಿ ಯಾಕೆ?

ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ, ಅಥಣಿ ಪೇಟೆಗಳಲ್ಲಿ ಠೇವಣಿ, ಸಾಲ ಅಂತ ಬರೆದ ಬೋರ್ಡುಗಳು ಸಾಲುಸಾಲಾಗಿ ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ಬ್ಯಾಂಕಿನವಲ್ಲರೀ, ಸದಸ್ಯರಿಂದ ಠೇವಣಿ ಪಡೆದು ಸದಸ್ಯರಿಗೇ ಸಾಲ ಕೊಡುವ ಪತ್ತಿನ ಸಹಕಾರಿ ಸಂಘಗಳವು. ನಮ್ಮ ಬಾಯಲ್ಲಿ ಬರೀ ಸೊಸೈಟಿ. ಇಲ್ಲಿನ ಸಣ್ಣ ವ್ಯಾಪಾರಕ್ಕೆ ಇವುಗಳ ಸಾಲ ದೊಡ್ಡ ಆಸರೆ.

ಪಿಗ್ಮಿ ನೋಡಿ, ಅಂದರೆ ದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ. ಸಂಜೆ ಏಜೆಂಟ್ ಸಣ್ಣ ಮಷೀನ್ ಹಿಡಿದು ಅಂಗಡಿಗೆ ಬಂದು, 100 ರೂಪಾಯಿ ಇಸಿದುಕೊಂಡು ಚೀಟಿ ಹರಿದುಕೊಡುತ್ತಾನೆ. ತಪ್ಪದೇ ಕಟ್ಟಿದರೆ ವರ್ಷಕ್ಕೆ 36,500. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪದ್ಧತಿ ಇದು. ಕಿರಾಣಿ ಅಂಗಡಿಯವನ ಬಳಿ ಬ್ಯಾಲೆನ್ಸ್ ಶೀಟ್ ಎಲ್ಲಿರುತ್ತದೆ? ಪಿಗ್ಮಿ ಯಾವ ತಿಂಗಳು ತಪ್ಪಿತು ಅನ್ನುವುದೇ ಅವನ ವ್ಯಾಪಾರದ ಲೆಕ್ಕ. ಅದನ್ನು ನೋಡಿಯೇ ಸಾಲ ಕೊಡುತ್ತಾರೆ. ಮೂರು ವರ್ಷಕ್ಕೆ ವರ್ಗವಾಗುವ ಬ್ಯಾಂಕ್ ಮ್ಯಾನೇಜರಿಗೆ ಈ ಗುರುತು ಸಿಗುವುದಿಲ್ಲ.

ಬೆಳೆಸಾಲದ ದಾರಿ ಬೇರೆ. ಅದು ರಾಜ್ಯಮಟ್ಟದ ಸಹಕಾರಿ ಬ್ಯಾಂಕಾದ ಅಪೆಕ್ಸ್ ಬ್ಯಾಂಕಿನಿಂದ ಜಿಲ್ಲೆಯ ಡಿಸಿಸಿ ಬ್ಯಾಂಕಿಗೆ, ಅಲ್ಲಿಂದ ಊರಿನ ಪಿಕೆಪಿಎಸ್‌ಗೆ, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಕ್ಕೆ ಬರುತ್ತದೆ. ಗಡುವಿನೊಳಗೆ ಕಟ್ಟಿದರಷ್ಟೇ ಬಡ್ಡಿ ಮಾಫಿ.

ತೊಡಕು ಇರುವುದು ಕಬ್ಬಿನಲ್ಲಿ. ಕಬ್ಬು ಹೋದ 14 ದಿನದೊಳಗೆ ಕಾರ್ಖಾನೆ ಬಿಲ್ ಕೊಡಬೇಕು ಅನ್ನುತ್ತದೆ ಕೇಂದ್ರದ 1966ರ ಕಬ್ಬು ನಿಯಂತ್ರಣ ಆದೇಶ. ಬಿಲ್ ತಡವಾದರೆ ರೈತನ ಗಡುವು ತಪ್ಪುತ್ತದೆ, ಗೊಬ್ಬರದಂಗಡಿಯ ಉದ್ರಿ ವಸೂಲಾಗದೆ ನಿಲ್ಲುತ್ತದೆ, ಅಂಗಡಿಯವನ ಪಿಗ್ಮಿ ತಪ್ಪುತ್ತದೆ. ಅದೇ ಹೊತ್ತಿಗೆ ಮದುವೆ ಖರ್ಚಿಗೆಂದು ಠೇವಣಿದಾರರು ಸೊಸೈಟಿಯ ಬಾಗಿಲಿಗೆ ಬಂದಿರುತ್ತಾರೆ. ಸಾಲಗಾರನ ಹಣವೂ ಠೇವಣಿದಾರನ ಹಣವೂ ಒಂದೇ ಕಬ್ಬಿನದಲ್ಲವೇ? ಹತ್ತಾರು ಜಿಲ್ಲೆಗಳಲ್ಲಿ ಶಾಖೆ ಇರುವ ಬ್ಯಾಂಕಿಗೆ ಈ ಪೆಟ್ಟು ತಟ್ಟುವುದು ಕಡಿಮೆ.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಒಂದು ವರ್ಷದ ಠೇವಣಿ ತೆಗೆದುಕೊಂಡು ಐದಾರು ವರ್ಷಕ್ಕೆ ಪ್ಲಾಟಿನ ಮೇಲೆ ಸಾಲ ಕೊಡುವುದು, ಅದೂ ನಿರ್ದೇಶಕರ ಬಳಗಕ್ಕೆ. ಠೇವಣಿ ವಾಪಸ್ ಕೇಳಿದ ದಿನ ಪ್ಲಾಟು ಮಾರಿ ಕೊಡಲಾಗುತ್ತದೆಯೇ?

ನೀವು ಹಣ ಇಡುವವರಾದರೆ ಮೊದಲು ಬೋರ್ಡನ್ನು ಪೂರ್ತಿ ಓದಿ. ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕಾದರೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸೊಸೈಟಿಗೆ ಆ ವಿಮೆ ಇಲ್ಲ. ‘ಸೌಹಾರ್ದ’ ಅಂತಿದ್ದರೆ ಅದು ರಾಜ್ಯದ 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಣಿಯಾದದ್ದು. ‘ಮಲ್ಟಿಸ್ಟೇಟ್’, ಅಂದರೆ ಒಂದಕ್ಕಿಂತ ಹೆಚ್ಚು ರಾಜ್ಯದ್ದು ಅಂತಿದ್ದರೆ ಅದರ ರಿಜಿಸ್ಟ್ರಾರ್ ಇರುವುದು ದೆಹಲಿಯಲ್ಲಿ. ಸದಸ್ಯರು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ ಕಡೆಯವರೂ ಇರಬಹುದು. ಅದರ ತಕರಾರು ಹಿಡಿದು ಬೆಳಗಾವಿಯ ಸಹಕಾರ ಇಲಾಖೆಗೆ ಹೋದರೆ ಕೆಲಸ ಆಗುವುದಿಲ್ಲ. ವಾರ್ಷಿಕ ವರದಿ ಕೇಳಿ ಪಡೆದು ‘ಸುಸ್ತಿ ಸಾಲ’ದ (ಗಡುವು ಮೀರಿಯೂ ವಾಪಸ್ ಬಾರದ ಸಾಲದ) ಸಾಲು ಹುಡುಕಿ, ಹಿಂದಿನ ವರ್ಷದ್ದಕ್ಕೆ ಹೋಲಿಸಿ. ವರದಿ ಕೊಡಲು ಸತಾಯಿಸುವ ಕಡೆ, ಬಡ್ಡಿ ಎಷ್ಟೇ ಹೆಚ್ಚು ಅಂದರೂ ಇಡಬೇಡಿ.