ಗೊತ್ತಿಲ್ಲದವಳ ಲೆಕ್ಕ

ಓದುಗರೊಬ್ಬರ ಪತ್ರ: ದಾವಣಗೆರೆಯ ಮಾರುಕಟ್ಟೆ ಪ್ರಾಂಗಣದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ, ಅಂಗಡಿಯಲ್ಲಿ ಹೇಳಿಕೊಂಡಿಲ್ಲ. ಯಜಮಾನರು ಕ್ಯಾಲ್ಕುಲೇಟರ್ ಒತ್ತಿ ಮುಗಿಸುವ ಮೊದಲೇ ನನಗೆ ಮೊತ್ತ ಗೊತ್ತಾಗಿರುತ್ತದೆ. ಆದರೂ ಅವರು ಹೇಳುವವರೆಗೆ ಕಾದು, ಆಮೇಲೆ ‘ಹೌದಾ ಸಾರ್’ ಎನ್ನುತ್ತೇನೆ. ಮನೆಯಲ್ಲಿ ಮಾವನವರು ತಾವು ದುಡಿದ ಬಟ್ಟೆ ಗಿರಣಿಯ ಕಥೆಯನ್ನು ಹತ್ತನೆಯ ಸಲ ಹೇಳಿದಾಗಲೂ ಹೊಸದಾಗಿ ಕೇಳಿದವಳಂತೆ ಇರುತ್ತೇನೆ. ಕಳೆದ ತಿಂಗಳು ರೈತರೊಬ್ಬರ 38 ಕ್ವಿಂಟಲ್ ಮೆಕ್ಕೆಜೋಳಕ್ಕೆ ತೇವಾಂಶದ ಕಡಿತವನ್ನು ಕ್ವಿಂಟಲ್‌ಗೆ ಎರಡು ಕಿಲೋದಂತೆ ಎರಡು ಬಾರಿ ಹಿಡಿಯಲಾಯಿತು. ನೋಡಿಯೂ ಸುಮ್ಮನಿದ್ದೆ. ಇಷ್ಟು ವರ್ಷ ಏನೂ ತಿಳಿಯದವಳಾಗಿದ್ದು ಈಗ ಬಾಯಿ ಬಿಡುವುದು ಹೇಗೆ? ದಡ್ಡರಂತೆ ನಟಿಸುವುದು ತಪ್ಪೇ?
— ಹೆಸರು ಬೇಡ, ದಾವಣಗೆರೆ

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದು ಮೂರು ವಾರ ಕಳೆದವು. ಬಂದ ದಿನವೇ ಒಂದು ಉತ್ತರ ಬರೆದಿದ್ದೆ. ‘ತಪ್ಪೇನಿಲ್ಲ, ಲೋಕವೆಲ್ಲ ಹಾಗೆಯೇ ನಡೆಯುತ್ತಿದೆ’ ಎಂಬ ಧಾಟಿಯ, ಓದಲು ಹಿತವಾದ ಉತ್ತರ ಅದು. ಅಚ್ಚಿಗೆ ಕೊಡುವ ಮುನ್ನ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ಆ 38 ಕ್ವಿಂಟಲ್ ಕಣ್ಣಿಗೆ ಬಿತ್ತು. ಮೊದಲ ಓದಿನಲ್ಲಿ ಅದನ್ನು ದಾಟಿಬಿಟ್ಟಿದ್ದೆ. ಬರೆದದ್ದನ್ನು ಹರಿದು ಹಾಕಿದೆ.

ಮೊದಲು ಮಾವನವರ ವಿಷಯ. ಅಲ್ಲಿ ಒಂದಿಷ್ಟೂ ಬದಲಾಗಬೇಡಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಹೋಯಿತು, ಗಿರಣಿಗಳು ಮುಚ್ಚಿದವು. ಅಲ್ಲಿ ದುಡಿದವರ ಪಾಲಿಗೆ ಉಳಿದಿರುವುದು ಆ ಕಥೆಯೊಂದೇ. ಅದನ್ನು ಹನ್ನೊಂದನೆಯ ಸಲವೂ ಕೇಳಿ. ಅದು ನಟನೆಯೆಂದು ನನಗಂತೂ ಅನ್ನಿಸುವುದಿಲ್ಲ.

ಇನ್ನು ನಿಮ್ಮ ಮಾರುಕಟ್ಟೆ. ಕೆಲವು ವರ್ಷ ಅದರ ಅಂಚಿನಲ್ಲಿ ಓಡಾಡಿದ್ದರಿಂದ ಹೇಳುತ್ತೇನೆ, ಗೊತ್ತಿದ್ದೂ ಗೊತ್ತಿಲ್ಲದಂತಿರುವ ಕಲೆಯನ್ನು ಅಲ್ಲಿ ನೀವೊಬ್ಬರೇ ಕಲಿತಿಲ್ಲ. ಜಗಳೂರು ಕಡೆಯ ರೈತ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ‘ನಮಗೇನು ತಿಳಿಯುತ್ತದೆ ಸ್ವಾಮಿ, ನೀವೇ ಹೇಳಿ’ ಎನ್ನುತ್ತಾನೆ. ಬೆಳಿಗ್ಗೆಯೇ ರಾಣೆಬೆನ್ನೂರಿನ ದರ ಅವನ ಮೊಬೈಲಿಗೆ ಬಂದಿರುತ್ತದೆ. ಖರೀದಿದಾರ ರಾಶಿಗೆ ಕೈ ಹಾಕಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಜನ್ಮದಲ್ಲಿ ಇಂಥ ಕಳಪೆ ಜೋಳ ಕಂಡಿಲ್ಲದವನಂತೆ ಮುಖ ಕಿವುಚುತ್ತಾನೆ. ಇವರಿಬ್ಬರ ನಡುವೆ ನಿಂತ ದಲಾಲಿಗೆ ನಾಳೆಯ ದರದ ಸುಳಿವು ಎಂದೂ ಇರುವುದಿಲ್ಲವಂತೆ. ಇ-ಟೆಂಡರಿನಲ್ಲಿ ದರ ಕಂಪ್ಯೂಟರಿಗೆ ಬಂದ ಮೇಲೂ ಈ ಆಟ ನಿಂತಿಲ್ಲ. ಮೂವರೂ ಆಡುತ್ತಾರೆ, ಮೂವರಿಗೂ ಅದು ಆಟವೆಂದು ಗೊತ್ತು, ಹಾಗಾಗಿ ಯಾರಿಗೂ ಮೋಸವಿಲ್ಲ.

ನನ್ನ ಕಸುಬೂ ಬೇರೆಯಲ್ಲ. ವರದಿಗಾರನ ಅರ್ಧ ವಿದ್ಯೆ ‘ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನುವುದರಲ್ಲಿದೆ. ಒಮ್ಮೆ ಚಿತ್ರದುರ್ಗದ ಕೋಟೆಯಲ್ಲಿ, ಹತ್ತಾರು ಸಲ ಹತ್ತಿಳಿದ ಮೇಲೂ, ಮೊದಲ ಸಲ ಬಂದವನಂತೆ ವಯಸ್ಸಾದ ಮಾರ್ಗದರ್ಶಕರೊಬ್ಬರ ಹಿಂದೆ ನಡೆದೆ. ತಿಳಿದವನೆಂದು ತೋರಿಸಿಕೊಂಡಿದ್ದರೆ ಓಬವ್ವನ ಕಿಂಡಿ ತೋರಿಸಿ ಕಳುಹಿಸಿಬಿಡುತ್ತಿದ್ದರು. ನಾನು ಪೆದ್ದನಂತೆ ‘ಇಷ್ಟು ಎತ್ತರದಲ್ಲಿ ನೀರು ಹೇಗೆ?’ ಎಂದೆ. ಅವರು ಕುಳಿತೇ ಬಿಟ್ಟರು. ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ ಇಳಿಯುವುದು, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಸೇರುವುದು, ಎಲ್ಲವನ್ನೂ ಬೆರಳಿನಿಂದ ಮಣ್ಣಿನಲ್ಲಿ ಗೀರಿ ತೋರಿಸಿದರು. ಹೊಂಡಗಳ ಹೆಸರು ನನಗೆ ಗೊತ್ತಿತ್ತು. ನೀರು ಹರಿಯುವ ದಾರಿಯನ್ನು ಕಂಡದ್ದು ಅಂದೇ. ಗೊತ್ತಿಲ್ಲದವನಂತೆ ನಟಿಸಲು ಹೋಗಿ ನಿಜಕ್ಕೂ ಗೊತ್ತಿಲ್ಲದ್ದನ್ನು ಕಲಿತು ಬಂದೆ.

(ಚಹಾ ಮಾಡಲು ಬಾರದ ಗಂಡಸರ ಬಗ್ಗೆಯೂ ಬರೆಯಬಹುದಿತ್ತು. ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿ ಜೋಡಿಸುವ ಕೈಗೆ ಹಾಲು ಉಕ್ಕುವ ಹೊತ್ತು ಮಾತ್ರ ತಿಳಿಯುವುದಿಲ್ಲ. ಇದು ಮನೆಮನೆಯ ಗುಟ್ಟು, ಬಿಡಿ.)

ಹೆಂಗಸರಿಗಷ್ಟೇ ಈ ಪಾಡು ಎಂದು ನಿಮಗೆ ಅನ್ನಿಸಬಹುದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಮಿರ್ರಾ ಕೊಮರೊವ್‌ಸ್ಕಿ 1946ರಲ್ಲಿ ಕಾಲೇಜು ಹುಡುಗಿಯರ ಬಗ್ಗೆ ಬರೆದ ಲೇಖನ ನಿಮ್ಮ ಪರವಾಗಿದೆ: ತಾನು ಮಾತನಾಡಿಸಿದ ವಿದ್ಯಾರ್ಥಿನಿಯರಲ್ಲಿ ಶೇ 40ರಷ್ಟು ಮಂದಿ ಹುಡುಗರೆದುರು ಆಗೀಗ ದಡ್ಡಿಯರಂತೆ ನಟಿಸಿದ್ದನ್ನು ಒಪ್ಪಿಕೊಂಡರು ಎಂದು ಆಕೆ ಹೇಳುತ್ತಾರೆ. ಆದರೆ ವಾಲ್ಟರ್ ಗೋವ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲೆಕ್ಕ ತಿರುಗುಮುರುಗಾಯಿತು. ಹೀಗೆ ನಟಿಸಿದ್ದೇವೆ ಎಂದವರಲ್ಲಿ ಹೆಂಗಸರಿಗಿಂತ ಗಂಡಸರೇ ಮುಂದಿದ್ದರು. ನನಗೇನೂ ಆಶ್ಚರ್ಯವಾಗಲಿಲ್ಲ. ಮೇಲೊಬ್ಬ ಯಜಮಾನನಿರುವ ಕಡೆಯೆಲ್ಲ ಕೆಳಗೊಬ್ಬ ‘ಹೌದಾ ಸಾರ್’ ಇದ್ದೇ ಇರುತ್ತಾನೆ.

ಕನ್ನಡ ಇದಕ್ಕೆ ಎಷ್ಟು ಚಂದದ ಹೆಸರುಗಳನ್ನು ಇಟ್ಟಿದೆ ನೋಡಿ: ಜಾಣಗಿವುಡು, ಜಾಣಕುರುಡು, ಜಾಣಮರೆವು. ಇವನ್ನು ಮಾತ್ರ ನಾವು ಸಾಮಾನ್ಯವಾಗಿ ದೊಡ್ಡವರಿಗೆ ಮೀಸಲಿಟ್ಟಿದ್ದೇವೆ. ಅಕ್ರಮ ಮರಳಿನ ಲಾರಿ ಕಾಣದ ಅಧಿಕಾರಿಗೆ ಜಾಣಕುರುಡು, ಮನವಿ ಕೇಳಿಸದ ಮಂತ್ರಿಗೆ ಜಾಣಗಿವುಡು. ನನ್ನ ಪತ್ರಿಕೆಯೂ ಈ ಪದಗಳನ್ನು ಧಾರಾಳವಾಗಿ ಬಳಸಿದೆ. ನಿಮಗೆ ಬೇಸರವಾಗಬಹುದು, ಆದರೂ ಕೇಳುತ್ತೇನೆ: ಕಳೆದ ತಿಂಗಳು ಆ ಚೀಟಿಯ ಮುಂದೆ ನಿಮಗೆ ಬಂದದ್ದು ಯಾವ ಕುರುಡು?

ನಿಮ್ಮ ಲೆಕ್ಕವನ್ನು ನಾನೂ ಹಾಕಿ ನೋಡಿದೆ (ಕಾಗದದ ಮೇಲೆ, ಎರಡು ಸಲ ತಪ್ಪಿ, ನನ್ನದು ನಟನೆಯಲ್ಲ). ಕ್ವಿಂಟಲ್‌ಗೆ ಎರಡು ಕಿಲೋ ಎಂದರೆ 38 ಕ್ವಿಂಟಲ್‌ಗೆ 76 ಕಿಲೋ. ಕ್ವಿಂಟಲ್‌ಗೆ 2,150 ರೂಪಾಯಿ ದರ ಇತ್ತೆಂದು ಹಿಡಿದರೆ, ಎರಡನೆಯ ಸಲದ ಕಡಿತದಲ್ಲಿ ಆ ರೈತ ಕಳೆದುಕೊಂಡದ್ದು 1,634 ರೂಪಾಯಿ. ಯಜಮಾನರು ಬೇಕೆಂದೇ ಮಾಡಿದರೆಂದು ನೀವು ಬರೆದಿಲ್ಲ, ನಾನೂ ಹಾಗೆ ಊಹಿಸುವುದಿಲ್ಲ. ಆ ರೈತನೂ ಲೆಕ್ಕ ಬಲ್ಲವನೇ ಆಗಿದ್ದು, ಮುಂದಿನ ಬೆಳೆಗೆ ಇವರ ಹತ್ತಿರವೇ ಸಾಲಕ್ಕೆ ನಿಲ್ಲಬೇಕಲ್ಲ ಎಂದು ‘ನಮಗೇನು ತಿಳಿಯುತ್ತದೆ’ ಎಂಬಂತೆ ಚೀಟಿ ಮಡಿಸಿ ಜೇಬಿಗಿಟ್ಟಿರಬಹುದು. ಹಾಗಾಗಿದ್ದರೆ ಅಂದು ಅಂಗಡಿಯಲ್ಲಿ ತಪ್ಪು ಕಂಡ ಇಬ್ಬರೂ ಕಾಣದವರಂತೆ ಇದ್ದರು. ನಿಜಕ್ಕೂ ಕಾಣದಿದ್ದವರು ಒಬ್ಬರೇ, ಹಣ ಉಳಿದದ್ದೂ ಅವರ ಗಲ್ಲಾಪೆಟ್ಟಿಗೆಯಲ್ಲಿ.

ಭಾಗವತದ ಜಡಭರತ ನಿಮಗೆ ನೆನಪಿರಬಹುದು. ಎಲ್ಲ ತಿಳಿದೂ ಮಂಕನಂತೆ ಬದುಕಿದವನು. ರಹೂಗಣ ರಾಜನ ಪಲ್ಲಕ್ಕಿಗೆ ಆಳು ಸಾಲದೆ ಬಂದಾಗ ದಾರಿಯಲ್ಲಿ ಸಿಕ್ಕ ಈ ಗಟ್ಟಿಮುಟ್ಟಾದ ಪೆದ್ದನನ್ನು ಹಿಡಿದು ಹೊರಿಸಿದರು. ಅವನು ಎದುರು ಮಾತಾಡದೆ ಹೊತ್ತ. ಆದರೆ ಪಲ್ಲಕ್ಕಿ ಕುಲುಕತೊಡಗಿತು. ಕಾಲಡಿಗೆ ಯಾವ ಜೀವಿಯೂ ಸಿಕ್ಕಬಾರದೆಂದು ನೆಲ ನೋಡುತ್ತಾ ಹೆಜ್ಜೆಯಿಡುತ್ತಿದ್ದುದರಿಂದ ಉಳಿದ ಬೋಯಿಗಳ ನಡೆಗೆ ಅವನ ನಡೆ ಕೂಡುತ್ತಿರಲಿಲ್ಲ. ರಾಜ ಬೈದ, ಆಮೇಲಿನದು ತತ್ತ್ವೋಪದೇಶ. ಉಪದೇಶಕ್ಕಿಂತ ನನಗೆ ಹಿಡಿಸುವುದು ಆ ಕುಲುಕಾಟ. ಅವನ ಪೆದ್ದುತನಕ್ಕೆ ಅವನ ಹೆಗಲು ನೊಂದಿತು, ಅವನೇ ಬೈಸಿಕೊಂಡ. ಇರುವೆಗಳು ಉಳಿದವು.

ನಿಮ್ಮದು ಶುರುವಾದದ್ದೂ ಹಾಗೆಯೇ. ಯಜಮಾನರಿಗಿಂತ ಮೊದಲು ಮೊತ್ತ ಹೇಳದೆ ಇದ್ದಾಗ ನಷ್ಟವಾದದ್ದು ನಿಮ್ಮ ಹೆಮ್ಮೆಗೆ. ಅದು ನಿಮ್ಮ ಸ್ವಂತ ಖಾತೆ, ಎಷ್ಟು ಬೇಕಾದರೂ ಖರ್ಚು ಬರೆದುಕೊಳ್ಳಿ. ಆ 1,634 ಮಾತ್ರ ಬೇರೆಯವರ ಖಾತೆಯದು.

‘ಈಗ ಬಾಯಿ ಬಿಡುವುದು ಹೇಗೆ’ ಎಂಬ ನಿಮ್ಮ ಅಳುಕು ಸುಳ್ಳಲ್ಲ. ರೋಮಿನ ಕ್ಲಾಡಿಯಸ್‌ನನ್ನು ಮನೆಯವರೇ ಮಂದಬುದ್ಧಿಯೆಂದು ಮೂಲೆಗಿಟ್ಟಿದ್ದರು. ಅಣ್ಣನ ಮಗ ಕಲಿಗುಲ ಕೊಲೆಯಾದ ಮೇಲೆ, ಕ್ರಿ.ಶ. 41ರಲ್ಲಿ, ಅವನೇ ಚಕ್ರವರ್ತಿಯಾದ. ಕಲಿಗುಲನ ಕೈಯಿಂದ ಬದುಕಿ ಉಳಿಯಲು ಬೇಕೆಂದೇ ದಡ್ಡನಂತಿದ್ದೆ ಎಂದು ಆಮೇಲೆ ಹೇಳಿಕೊಂಡ. ಒಬ್ಬರೂ ನಂಬಲಿಲ್ಲ. ಸ್ವಲ್ಪ ದಿನಗಳಲ್ಲೇ, ದಡ್ಡತನವನ್ನು ಯಾರೂ ನಟಿಸುವುದಿಲ್ಲ ಎಂದು ಸಾಧಿಸುವ ಪುಸ್ತಕವೇ ಹೊರಬಂತು ಎಂದು ಇತಿಹಾಸಕಾರ ಸುಯೆಟೋನಿಯಸ್ ಬರೆದಿದ್ದಾನೆ. ಚಕ್ರವರ್ತಿಯ ಮಾತಿಗೇ ಆ ಗತಿಯಾದರೆ ದಲಾಲಿ ಅಂಗಡಿಯ ಗುಮಾಸ್ತೆಯದು ಏನಾದೀತು ಎಂದು ನೀವು ಕೇಳಬಹುದು. ಆದರೆ ನಿಮ್ಮ ಬಳಿ ಅವನ ಬಳಿ ಇಲ್ಲದ ಒಂದು ವಸ್ತುವಿದೆ, ಚೀಟಿಯ ನಕಲು. ನೀವು ಜಾಣೆಯೆಂದು ಯಾರೂ ನಂಬಬೇಕಾಗಿಲ್ಲ, ಕೂಡಿಸಿ ಕಳೆದು ನೋಡಿದರೆ ಸಾಕು.

ಕೆಲಸಕ್ಕೆ ಕುತ್ತು ಬರುವುದಿಲ್ಲವೆಂದು ನಾನು ಮಾತು ಕೊಡಲಾರೆ. ನಿಮ್ಮ ಯಜಮಾನರನ್ನು ಬಲ್ಲವರು ನೀವು. ಹೇಳುವ ಬಗೆಯ ಬಗ್ಗೆ ಮಾತ್ರ ಒಂದೆರಡು ಮಾತು. ಗಿರಾಕಿಗಳು, ಹಮಾಲರು ಇರುವಾಗ ಬೇಡ. ಮಧ್ಯಾಹ್ನ ಊಟದ ನಂತರ ಅಂಗಡಿ ತಣ್ಣಗಿರುತ್ತದಲ್ಲ, ಆಗ ನಕಲನ್ನು ಮುಂದಿಟ್ಟು ‘ಸಾರ್, ಇಲ್ಲಿ ತೇವಾಂಶ ಎರಡು ಸಲ ಕಳೆದಿದೆ. ಅವರಿಗೆ 1,634 ರೂಪಾಯಿ ಕೊಡುವುದಿದೆ’ ಎನ್ನಿ. ದರ ಬೇರೆಯಿದ್ದರೆ ಅಂಕಿಯನ್ನು ನೀವೇ ತಿದ್ದಿಕೊಳ್ಳಿ. ‘ಅನ್ನಿಸುತ್ತದೆ’, ‘ನನಗೆ ಸರಿಯಾಗಿ ಗೊತ್ತಿಲ್ಲ, ಆದರೂ’ ಎಂಬ ಬಾಲಗಳನ್ನು ಸೇರಿಸಬೇಡಿ. ಅವರು ಕ್ಯಾಲ್ಕುಲೇಟರ್ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲಿ. ಒತ್ತಿ ಮುಗಿಸಿ ತಲೆ ಎತ್ತಿದಾಗ ಎಂದಿನ ‘ಹೌದಾ ಸಾರ್’ ಬಾಯಿಗೆ ಬರುತ್ತದೆ, ಅದೊಂದನ್ನು ನುಂಗಿಕೊಳ್ಳಿ. ‘ನಿನಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿದರೆ ‘ಲೆಕ್ಕ ಹಾಕಿದೆ’ ಎಂದಷ್ಟೇ ಹೇಳಿ.